ಗಾಜಿನ ಕಾಡಿಗೊಬ್ಬ ಗೈಡು

ಎಲ್ಲಕ್ಕೂ ಕಾರಣ ಒಂದು ಸೊಳ್ಳೆ.

ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯ ಮೀಟಿಂಗ್ ರೂಮು. ಸೋಮವಾರ, ಊಟದ ನಂತರದ ಹೊತ್ತು. ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆಯಲ್ಲಿ ಪಳಗಿದ್ದ ರೇವಣಸಿದ್ದನ ಕಿವಿಯ ಹತ್ತಿರ ಆ ಸೊಳ್ಳೆ ಗುಂಯ್‌ಗುಟ್ಟಿತು. ಅದನ್ನು ಹಿಡಿಯಲು ಅವನು ಕೈ ಎತ್ತಿದ. ಸೊಳ್ಳೆ ತಪ್ಪಿಸಿಕೊಂಡಿತು. ರೇವಣಸಿದ್ದ ಸಿಕ್ಕಿಬಿದ್ದ.

"ವಾವ್, ರೇವನ್! ನಂಗೊತ್ತಿತ್ತು ನೀವೇ ಮುಂದೆ ಬರ್ತೀರ ಅಂತ" ಎಂದಳು ಎಚ್.ಆರ್. ಮುಖ್ಯಸ್ಥೆ ಐಶ್ವರ್ಯಾ. ಸುತ್ತ ಕೂತವರೆಲ್ಲ ಚಪ್ಪಾಳೆ ತಟ್ಟಿದರು. ತಮ್ಮ ತಲೆಗೆ ಬರಲಿಲ್ಲವಲ್ಲ ಎಂಬ ಸಂತೋಷ ಆ ಚಪ್ಪಾಳೆಯಲ್ಲಿ ಚೆನ್ನಾಗಿ ಕೇಳುತ್ತಿತ್ತು.

ರೇವಣಸಿದ್ದ ಪಕ್ಕದಲ್ಲಿದ್ದ ಮನುವನ್ನು ಮೆಲ್ಲಗೆ ಕೇಳಿದ. "ಏನಕ್ಕೋ ಚಪ್ಪಾಳೆ?"

"ಕಾಡಲ್ಲಿ ಹುಟ್ಟಿ ಬೆಳೆದೋರು ಯಾರ್ಗಾದ್ರೂ ಪರಿಚಯ ಇದಾರಾ ಅಂತ ಕೇಳಿದ್ರು ಗುರು. ನೀನು ಕೈ ಎತ್ತಿದೆ."

"ನಾನು ಸೊಳ್ಳೆ ಹೊಡಿಯೋಕೆ ಎತ್ತಿದ್ದು ಕಣೋ!"

"ಈಗ ಹೇಳ್ಬೇಡ ಮಗಾ. ಮಿನಿಟ್ಸಲ್ಲಿ ಬರೆದ್ಬಿಟ್ರು."

ರೇವಣಸಿದ್ದ ದಾವಣಗೆರೆಯವನು. ಕಾಡನ್ನು ಅವನು ನೋಡಿದ್ದು ಕ್ಯಾಲೆಂಡರಿನಲ್ಲಿ. ಕಂಪನಿಯ ಫೆಸಿಲಿಟೀಸ್ ವಿಭಾಗದಲ್ಲಿ ಅವನಿಗೆ ಕೆಲಸ. ಅಂದರೆ ಲಿಫ್ಟು ನಿಂತರೆ, ಏಸಿ ತೊಟ್ಟಿಕ್ಕಿದರೆ, ಕ್ಯಾಂಟೀನಿನ ಸಾಂಬಾರಿನಲ್ಲಿ ಏನಾದರೂ ತೇಲಿದರೆ ಎಲ್ಲರೂ ಹುಡುಕುವುದು ಅವನನ್ನೇ. ವಿಭಾಗದ ಹೆಡ್ ಕೆಲಸ ಬಿಟ್ಟು ಹೋದಾಗಿನಿಂದ ಹೆಡ್ಡಿನ ಕೆಲಸವನ್ನೂ ಅವನೇ ಮಾಡುತ್ತಿದ್ದ. ಹೆಡ್ಡಿನ ಕುರ್ಚಿಯಲ್ಲಿ ಮಾತ್ರ ಕೂರಿಸಿರಲಿಲ್ಲ. ಇವತ್ತಲ್ಲ ನಾಳೆ ಕೂರಿಸುತ್ತಾರೆ ಎಂಬ ನಂಬಿಕೆಯಲ್ಲಿ ಅವನು ಆ ಕುರ್ಚಿಯ ಧೂಳನ್ನು ದಿನಾ ತಾನೇ ಒರೆಸುತ್ತಿದ್ದ.

ಕಾಡಿನ ವಿಷಯ ಬಂದದ್ದು ಹೀಗೆ. ಆಸ್ಟ್ರೇಲಿಯಾದ ಕೇರ್ನ್ಸ್ ಕಡೆಯ ಮಾರ್ಗರೆಟ್ ಎಂಬ ಹಿರಿಯ ಹೆಂಗಸು ಕಂಪನಿಯ ಅತಿ ದೊಡ್ಡ ಗಿರಾಕಿ. ಅವರ ಊರಿನ ಪಕ್ಕದಲ್ಲೇ ಮಳೆಕಾಡು. ಯಾವುದೇ ದೊಡ್ಡ ತೀರ್ಮಾನಕ್ಕೆ ಮುಂಚೆ ಅವರು ಅಲ್ಲಿನ ಮೂಲನಿವಾಸಿಗಳ ಜೊತೆ ಕಾಡಿನಲ್ಲಿ ಒಂದು ಸುತ್ತು ನಡೆದು, ಅವರು ಹೇಳಿದ್ದನ್ನು ಕೇಳಿಸಿಕೊಂಡು ಬರುತ್ತಾರಂತೆ. ಶುಕ್ರವಾರ ಅವರು ಬೆಂಗಳೂರಿಗೆ ಬರುವವರಿದ್ದರು. ಕಂಪನಿಯ ಜೊತೆ ವ್ಯವಹಾರ ಮುಂದುವರಿಸಬೇಕೋ ಬೇಡವೋ ಎಂಬ ತೀರ್ಮಾನವೂ ಅಂದೇ. ಐಶ್ವರ್ಯಾಗೆ ಇಷ್ಟು ಸಾಕಾಯಿತು. ಕಂಪನಿಯ ನೆಲಮಹಡಿಯಲ್ಲಿ ಒಂದು ಗಾಜಿನ ಮನೆಯಿತ್ತು. ಅದರೊಳಗೆ ತಾಳೆ, ಜರೀಗಿಡ, ಬಳ್ಳಿಗಳು, ಮೋಟರು ಹಾಕಿದರೆ ಧುಮುಕುವ ಜಲಪಾತ, ಸ್ಪೀಕರಿನಿಂದ ಹಕ್ಕಿ ಕೂಗು, ಮೇಲಿನ ಪೈಪುಗಳಿಂದ ಮಂಜು. ಹೊರಗಡೆ 'ಟ್ರಾಪಿಕಲ್ ರೇನ್‌ಫಾರೆಸ್ಟ್' ಎಂದು ಬೋರ್ಡು. ನೌಕರರು ಅದನ್ನು ಬಳಸುತ್ತಿದ್ದದ್ದು ಫೋನಿನಲ್ಲಿ ಜಗಳವಾಡಲಿಕ್ಕೆ.

"ಕಾಡು ಇದೆ. ಕಾಡಿನವರು ಒಬ್ಬರು ಬೇಕು, ಅಷ್ಟೇ" ಎಂದಿದ್ದಳು ಐಶ್ವರ್ಯಾ, ಕಾಫಿ ಇದೆ ಸಕ್ಕರೆ ಬೇಕು ಎಂಬಷ್ಟು ಸಲೀಸಾಗಿ.

ರೇವಣಸಿದ್ದ ಅವರಿವರನ್ನು ಕೇಳಿ, ಬಿಳಿಗಿರಿ ಬೆಟ್ಟದ ಸೋಲಿಗರು ತಾವೇ ಸೇರಿ ನಡೆಸುವ ಒಂದು ಗೈಡುಗಳ ಸಂಘದ ನಂಬರು ಹಿಡಿದ. ಫೋನೆತ್ತಿದ್ದು ಜಡೆಮಾದಮ್ಮ ಎಂಬುವರು. ಗಟ್ಟಿ ದನಿ, ಲೆಕ್ಕದ ಮಾತು. ಶುಕ್ರವಾರ ಗೆಸ್ಟಿಗೆ ಕಾಡಿನಲ್ಲಿ ಒಂದು 'ವಾಕ್' ಮಾಡಿಸಬೇಕು ಎಂದು ರೇವಣಸಿದ್ದ ಹೇಳಿದ.

"ಕಾಡು ಎಷ್ಟು ದೊಡ್ಡದು ಸಾರ್?"

"ಅದು... ನಾಲ್ಕು ಬಸ್ ನಿಲ್ಲಿಸ್ಬೋದು ಮೇಡಂ."

ಆ ಕಡೆಯಿಂದ ಮೊದಲು 'ಬಸ್ಸಾ?' ಎಂಬ ಉದ್ಗಾರ. ಆಮೇಲೆ ನಗು. "ಸರಿ ಬರ್ತೀನಿ. ಪೇಟೆ ಕಾಡು ನಾನೂ ನೋಡಿಲ್ಲ."

ಗೈಡಿನ ಚಿಂತೆ ಕಳೆಯಿತು ಅನ್ನುವಷ್ಟರಲ್ಲಿ ಗುರುವಾರ ಇನ್ನೊಂದು ತಲೆನೋವು. ಏಸಿ ಗಾಳಿಗೆ ಗಾಜಿನ ಮನೆಯ ಅರ್ಧ ಎಲೆಗಳು ಹಳದಿಯಾಗಿ, ಕಾಡಿಗೆ ಕಾಮಾಲೆ ಬಂದಂತಿತ್ತು. ಹೊಸ ಗಿಡ ತರಲು ಹೊತ್ತಿರಲಿಲ್ಲ. ರೇವಣಸಿದ್ದ ಪೀಣ್ಯದಲ್ಲಿ ಮೆಷಿನ್ನುಗಳಿಗೆ ಬಣ್ಣ ಹೊಡೆಯುವ ಒಬ್ಬನನ್ನು ಕರೆಸಿ, ಗಿಡ ಸಾಯಬಾರದೆಂದು ನೀರಿನಲ್ಲಿ ಕಲಸುವ ಬಣ್ಣವನ್ನೇ ತರಿಸಿ, ಎಲೆಗಳಿಗೆಲ್ಲ ಹಸಿರು ಹೊಡೆಸಿದ. ಕೆಲಸ ಮುಗಿದಾಗ ಕಾಡು ಎಷ್ಟು ಹಸಿರಾಗಿತ್ತೆಂದರೆ, ಹೊಸದಾಗಿ ತಂದ ಪ್ಲಾಸ್ಟಿಕ್ ಬಕೆಟ್ಟಿನ ಹಾಗೆ ಹೊಳೆಯುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅವನು ಸ್ನಾನ ಮಾಡಿ, ಎಂದಿನಂತೆ ಹಣೆಗೆ ವಿಭೂತಿ ಹಚ್ಚಿ, ಎಲ್ಲರಿಗಿಂತ ಮುಂಚೆ ಆಫೀಸು ತಲುಪಿದ. ಆಫೀಸು ತುಂಬುವ ಹೊತ್ತಿಗೆ ಜಡೆಮಾದಮ್ಮನ ಫೋನು ಬಂತು. "ಗೇಟ್ ಹತ್ರ ಬಂದೆ ಸಾರ್. ಇಲ್ಲಿ ಬಹಳ ಜನ ಇದಾರೆ, ನಿಂತಿರ್ತೀನಿ." ಕೆಳಗಿಳಿದು ಬರುವಷ್ಟರಲ್ಲಿ ಫೋನು ಸ್ವಿಚ್ ಆಫ್. ಗೇಟಿನಲ್ಲಿ ಸೆಕ್ಯುರಿಟಿಯವನು ಮಾತ್ರ ಇದ್ದ.

"ಬೆಟ್ಟದಿಂದ ಒಬ್ರು ಮೇಡಂ ಬಂದ್ರಲ್ಲ, ಎಲ್ಲಿ?"

"ಹೆಂಗಿರ್ತಾರೆ ಸಾರ್ ನೋಡೋಕೆ?"

ರೇವಣಸಿದ್ದ ಯೋಚಿಸಿದ. "ಎಲ್ಲರ ಥರ ಇರ್ತಾರಪ್ಪ."

"ಎಲ್ಲರ ಥರ ಇರೋರು ಬೆಳಿಗ್ಗೆಯಿಂದ ಇನ್ನೂರು ಜನ ಒಳಗೆ ಹೋದ್ರು ಸಾರ್. ಬೇರೆ ಥರ ಇರೋರು ಯಾರೂ ಬರ್ಲಿಲ್ಲ."

ರೇವಣಸಿದ್ದ ಬಸ್ ಸ್ಟಾಪಿನವರೆಗೆ ಓಡಿದ. ಎಳನೀರಿನವನನ್ನು ಕೇಳಿದ, ಆಟೋದವರನ್ನು ಕೇಳಿದ, ಕ್ಯಾಂಟೀನು ನೋಡಿದ. ಎಲ್ಲೂ ಇಲ್ಲ. ಬೆವರು ಒರೆಸುತ್ತ ಹಿಂತಿರುಗಿದಾಗ ಗಾಜಿನ ಮನೆಯ ಬಾಗಿಲಲ್ಲಿ ಐಶ್ವರ್ಯಾ ನಿಂತಿದ್ದಳು. ಕೆನೆ ಬಣ್ಣದ ರೇಷ್ಮೆ ಸೀರೆ, ಮುಖದಲ್ಲಿ ಸಿಡಿಲು.

"ರೇವನ್, ಗೆಸ್ಟ್ ಕಾರು ಟೋಲ್ ದಾಟಿದೆ. ಗೈಡ್ ಎಲ್ಲಿ?"

"ಗೇಟ್ ತನಕ ಬಂದಿದ್ರು ಮೇಡಂ. ಆಮೇಲೆ ಕಳೆದ್ಹೋದ್ರು."

"ಕಾಡಲ್ಲಿ ಕಳೆದುಹೋಗ್ದೆ ಇರೋರು ನಮ್ ಗೇಟಲ್ಲಿ ಕಳೆದ್ಹೋದ್ರಾ?" ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಆ ನೋಟದ ಅರ್ಥ ಗೊತ್ತಾಗುವುದಕ್ಕೆ ಮೊದಲೇ ರೇವಣಸಿದ್ದ ಒಂದು ಹೆಜ್ಜೆ ಹಿಂದೆ ಸರಿದ. "ಸರಿ. ನೀವೇ ಮಾಡಿ."

"ನಾನಾ? ಮೇಡಂ, ನಾನು ದಾವಣಗೆರೆ!"

"ಆಸ್ಟ್ರೇಲಿಯಾದವರಿಗೆ ದಾವಣಗೆರೆ ಏನ್ ಗೊತ್ತು? ಮನು, ಆ ಕಾಸ್ಟ್ಯೂಮ್ ತಗೊಂಬಾ."

ಮನು ತಂದ ಪೊಟ್ಟಣದಲ್ಲಿ ಮಕ್ಕಳ ಫ್ಯಾನ್ಸಿ ಡ್ರೆಸ್ಸಿಗೆ ಬಾಡಿಗೆ ಕೊಡುವ ಎಲೆಯ ಲಂಗ, ಕೋಳಿ ಪುಕ್ಕದ ಕಿರೀಟ, ಪ್ಲಾಸ್ಟಿಕ್ ಭರ್ಜಿ ಇದ್ದವು. ರೇವಣಸಿದ್ದನಿಗೆ ನಿಜವಾಗಿಯೂ ಸಿಟ್ಟು ಬಂತು. ವರ್ಷಕ್ಕೊಮ್ಮೆ ಬರುವ ಸಿಟ್ಟು ಅದು.

"ಇದು ತಪ್ಪು ಮೇಡಂ. ಅವ್ರು ಹಿಂಗೆಲ್ಲ ಇರಲ್ಲ. ನಮ್ ಥರಾನೇ ಬಟ್ಟೆ ಹಾಕ್ತಾರೆ, ನಮಗಿಂತ ಚೆನ್ನಾಗಿ ಮಾತಾಡ್ತಾರೆ. ಇದನ್ನ ನಾನು ಉಡಲ್ಲ. ನಾನು ಸೋಲಿಗ ಅಂತ ಸುಳ್ಳೂ ಹೇಳಲ್ಲ. ಕೆಲಸ ಹೋದ್ರೂ ಸರಿ."

ಐಶ್ವರ್ಯಾ ಒಂದು ಕ್ಷಣ ಯೋಚಿಸಿದಳು. "ಸುಳ್ಳು ಹೇಳ್ಬೇಡಿ. ನಿಜಾನೇ ಹೇಳಿ. ಕನ್ನಡದಲ್ಲಿ ಹೇಳಿ. ಮನು ಇಂಗ್ಲಿಷ್‌ಗೆ ಮಾಡ್ತಾನೆ."

ಈ ಮಾತಿನಲ್ಲಿ ತಪ್ಪೇನಿದೆ ಎಂದು ರೇವಣಸಿದ್ದನಿಗೆ ತಕ್ಷಣ ಹೊಳೆಯಲಿಲ್ಲ. ಹೊಳೆಯುವಷ್ಟರಲ್ಲಿ ಮನು ನೈಟ್ ಸೆಕ್ಯುರಿಟಿಯವನ ಕರೀ ಕಂಬಳಿಯನ್ನು ಅವನ ಹೆಗಲಿಗೆ ಹೊದಿಸಿ, ರಿಸೆಪ್ಷನ್ನಿಗೆ ಕಟ್ಟಿದ್ದ ಮಾವಿನೆಲೆಯ ತೋರಣವನ್ನು ಕಿತ್ತು ಕೊರಳಿಗೆ ಹಾಕಿಯಾಗಿತ್ತು. ಕಾರು ಬಂದು ನಿಂತಿತು.

ಮಾರ್ಗರೆಟ್ ಬೆಳ್ಳಿಗೂದಲಿನ, ನಗುಮುಖದ, ಎತ್ತರದ ಹೆಂಗಸು. ಬಂದವರೇ ಬೂಟು ಬಿಚ್ಚಿ ಬರಿಗಾಲಲ್ಲಿ ಗಾಜಿನ ಮನೆಯೊಳಗೆ ಕಾಲಿಟ್ಟು, ರೇವಣಸಿದ್ದನಿಗೆ ಕೈ ಮುಗಿದರು. ಅವರ ಭಕ್ತಿ ಕಂಡು ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಕೆಳಗೆ ಪಾರ್ಕಿಂಗ್ ಇದ್ದದ್ದರಿಂದ ಅದೂ ಸಾಧ್ಯವಿರಲಿಲ್ಲ.

ನಡಿಗೆ ಶುರುವಾಯಿತು. ಮೊದಲ ಗಿಡದ ಮುಂದೆ ಮಾರ್ಗರೆಟ್ ನಿಂತು, ಇದರ ಕತೆಯೇನು ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಇದು ಕ್ರೋಟನ್" ಎಂದ ರೇವಣಸಿದ್ದ, ನಿಜವನ್ನೇ ಹೇಳುತ್ತ. "ಹೊಸೂರು ರೋಡಿನ ನರ್ಸರಿಯಿಂದ ತಂದಿದ್ದು. ಎರಡು ತಗೊಂಡ್ರೆ ಒಂದು ಫ್ರೀ ಕೊಟ್ರು."

ಮನು ಗಂಭೀರವಾಗಿ ಇಂಗ್ಲಿಷಿಗೆ ತಿರುಗಿಸಿದ. ಎರಡು ಮರಗಳು ಪ್ರೀತಿಸಿದಾಗ ಮೂರನೆಯದು ಕೇಳದೆಯೇ ಬರುತ್ತದೆ ಎಂದು ಇವರ ಹಿರಿಯರು ಹೇಳುತ್ತಾರಂತೆ. ಮಾರ್ಗರೆಟ್ ಎದೆಯ ಮೇಲೆ ಕೈ ಇಟ್ಟುಕೊಂಡರು.

"ಏನೋ ಹೇಳ್ದೆ?" ಎಂದು ರೇವಣಸಿದ್ದ ಹಲ್ಲು ಕಚ್ಚಿ ಕೇಳಿದ.

"ನೀನ್ ಹೇಳಿದ್ದೇ ಗುರು. ಸ್ವಲ್ಪ ಫೀಲ್ ಸೇರಿಸ್ದೆ."

ಹಣೆಯ ಮೂರು ಗೆರೆಗಳ ಅರ್ಥವೇನು ಎಂಬುದು ಮುಂದಿನ ಪ್ರಶ್ನೆ. "ವಿಭೂತಿ ಮೇಡಂ. ಹಚ್ಕೊಂಡ್ಯಾ ಇಲ್ವಾ ಅಂತ ಅಮ್ಮ ದಿನಾ ಫೋನ್ ಮಾಡಿ ಕೇಳ್ತಾಳೆ" ಎಂದ. ಮನುವಿನ ಇಂಗ್ಲಿಷಿನಲ್ಲಿ ಅದು, ಎಷ್ಟೇ ದೂರ ಹೋದರೂ ತಾಯಿ ಬೇರಿನ ಕರೆ ದಿನಾ ಕೇಳುತ್ತದೆ ಎಂದಾಯಿತು. ಮಾರ್ಗರೆಟ್ ಕಣ್ಣೊರೆಸಿಕೊಂಡರು. ಐಶ್ವರ್ಯಾ ಹಿಂದಿನಿಂದ ಹೆಬ್ಬೆರಳು ಎತ್ತಿ ತೋರಿಸಿದಳು.

ಅಷ್ಟರಲ್ಲಿ ಕಂಬಳಿಯೊಳಗಿನಿಂದ ರೇವಣಸಿದ್ದನ ಫೋನು ಕೂಗಿತು. ಹೌಸ್‌ಕೀಪಿಂಗ್‌ನವರು. ಐದನೇ ಮಹಡಿಯ ಟಾಯ್ಲೆಟ್ಟು ಕಟ್ಟಿಕೊಂಡು ನೀರು ಹೊರಗೆ ಹರಿಯುತ್ತಿದೆಯಂತೆ. ಅವನು ತಾನು ಯಾರೆಂಬುದನ್ನೇ ಮರೆತು ಕಿರುಚಿದ. "ಯಾರೂ ಫ್ಲಶ್ ಮಾಡ್ಬೇಡಿ! ಬಾಗ್ಲು ಹಾಕಿ! ಮೇಲಿಂದ ಬರೋದನ್ನ ಮೊದ್ಲು ನಿಲ್ಸಿ!"

"ಅವರು ಆಕಾಶದ ಜೊತೆ ಮಾತಾಡುತ್ತಿದ್ದಾರೆ" ಎಂದು ಮನು ಪಿಸುಗುಟ್ಟಿದ.

"ಫೋನಿನಲ್ಲೇ?" ಎಂದರು ಮಾರ್ಗರೆಟ್.

"ಈಗ ಎಲ್ಲರೂ ಫೋನಿನಲ್ಲೇ."

ಮಾರ್ಗರೆಟ್ ತಲೆಯಾಡಿಸಿದರು. ತಮ್ಮೂರಿನ ಗೈಡುಗಳ ಹತ್ತಿರ ಇದಕ್ಕಿಂತ ಒಳ್ಳೆ ಫೋನುಗಳಿವೆ ಎಂದರು.

ಇಲ್ಲಿಯವರೆಗೆ ಹೇಗೋ ನಡೆಯಿತು. ಜಲಪಾತದ ಬಳಿ ಬಂದಾಗ ಬಾಗಿಲು ತಳ್ಳಿಕೊಂಡು ಮುನಿಕೃಷ್ಣಪ್ಪ ಒಳಗೆ ಬಂದರು. ಕಂಪನಿ ನಿಂತಿರುವ ನೆಲ ಒಂದು ಕಾಲಕ್ಕೆ ಅವರ ರಾಗಿ ಹೊಲ. ನೆಲ ಕೊಡುವಾಗಲೇ ಅವರು, ಬದುಕಿರುವ ತನಕ ಇಲ್ಲಿ ಬಂದು ಕಾಫಿ ಕುಡಿಯುವ ಹಕ್ಕನ್ನು ಬರೆಸಿಕೊಂಡಿದ್ದರು. ಬಿಳಿ ಪಂಚೆ, ಬಿಳಿ ಶರ್ಟು, ಜೇಬಿನಲ್ಲಿ ಕನ್ನಡಕ. ದಿನಾ ಹೀಗೆ ಕಾಫಿ ಲೋಟ ಹಿಡಿದು ತಣ್ಣಗಿನ ಗಾಜಿನ ಮನೆಗೆ ಬಂದು ಕೂರುವುದು ಅವರ ರೂಢಿ. ಇಷ್ಟಾಗಿದ್ದರೆ ಚಿಂತೆಯಿರಲಿಲ್ಲ. ದೊಡ್ಡತೋಗೂರಿನಲ್ಲಿ ರೇವಣಸಿದ್ದ ಬಾಡಿಗೆಗಿದ್ದ ಮನೆಯ ಓನರೂ ಅವರೇ.

"ಏನ್ಲಾ ರೇವಣ್ಣ!" ಲೋಟ ಅವರ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು. "ಇದೇನ್ಲಾ ಯೇಸ? ಆಫೀಸ್ನಾಗೆ ನಾಟ್ಕ ಐತಾ?"

ಯಾರಿವರು ಎಂದು ಮಾರ್ಗರೆಟ್ ಕೇಳಿದರು. ಮನು ಇಬ್ಬರ ನಡುವೆ ನುಗ್ಗಿ, ಮುನಿಕೃಷ್ಣಪ್ಪನವರ ಕಿವಿಯಲ್ಲಿ, "ಯಜಮಾನ್ರೇ, ಇಲ್ಲಿನ ಮೂಲನಿವಾಸಿ ಯಾರು ಅಂತ ನೋಡೋಕೆ ಬಂದಿದಾರೆ ಇವ್ರು, ಸುಮ್ನಿರಿ" ಎಂದ. ಸುಮ್ಮನಿರಲು ಹೇಳುವುದಕ್ಕೆ ಇದಕ್ಕಿಂತ ಕೆಟ್ಟ ಮಾತು ಅವನಿಗೆ ಸಿಗುವಂತಿರಲಿಲ್ಲ.

"ಮೂಲನಿವಾಸಿನಾ? ನಾನೇ ಕಣವ್ವ!" ಮುನಿಕೃಷ್ಣಪ್ಪ ಎದೆ ಸೆಟೆಸಿದರು. "ಇಲ್ಲಿಂದ ಇಡ್ಕಂಡು ಆ ಟೋಲ್‌ಗೇಟ್ ಗಂಟ ನಮ್ ತಾತಂದು. ನೀವು ನಿಂತಿದೀರಲ್ಲ, ಅಲ್ಲಿ ನಮ್ ಎಮ್ಮೆ ಕಟ್ತಿದ್ವಿ. ಇವ್ನು ಮೊನ್ನೆ ಬಂದೋನು. ನಮ್ಮನೇಲಿ ಬಾಡ್ಗೆಗವ್ನೆ!"

ಮನುವಿಗೆ ಬೆವರಿತು. ಆದರೂ ಅವನು ಸೋಲುವ ಆಸಾಮಿಯಲ್ಲ. ಇವರು ಎದುರುಬೆಟ್ಟದ ಹಿರಿಯ ಯಜಮಾನರು, ಈ ಯುವಕನ ಕುಲಕ್ಕೆ ನೆರಳು ಕೊಟ್ಟವರು, ಇಲ್ಲಿ ಪವಿತ್ರ ಪ್ರಾಣಿಗಳಿದ್ದವು ಎನ್ನುತ್ತಿದ್ದಾರೆ ಎಂದ. ಮಾರ್ಗರೆಟ್ ಮುನಿಕೃಷ್ಣಪ್ಪನವರಿಗೂ ಕೈ ಮುಗಿದರು. ಅವರು ಆಶೀರ್ವಾದ ಮಾಡಿದರು.

ಅಲ್ಲಿಗೆ ಬಿಡಬಹುದಿತ್ತು. ಆದರೆ ಸಿಕ್ಕಿದ ಬಾಡಿಗೆದಾರನನ್ನು ಸುಮ್ಮನೆ ಬಿಡುವುದು ಯಾವ ಓನರಿನ ಕೈಯಲ್ಲೂ ಆಗುವುದಿಲ್ಲ. "ಅದಿರ್ಲಿ, ನೆನ್ನೆ ಮೋಟ್ರು ಆಫ್ ಮಾಡ್ದೆ ಎಲ್ಲೋಗಿದ್ದೆ? ಟ್ಯಾಂಕು ತುಂಬಿ ಮಾಳಿಗೆ ಎಲ್ಲಾ ನೀರು!"

"ನಾನ್ ಮೋಟ್ರು ಹಾಕೇ ಇಲ್ಲ ಸಾರ್! ಮೂರು ದಿನದಿಂದ ನನ್ ನಲ್ಲೀಲಿ ನೀರೇ ಬಂದಿಲ್ಲ! ಬಕೆಟ್ಟಲ್ಲಿ ಹೊತ್ಕೊಂಡು ಸ್ನಾನ ಮಾಡ್ತಿದೀನಿ!" ಬೆಳಗಿನಿಂದ ಅದುಮಿಟ್ಟದ್ದೆಲ್ಲ ರೇವಣಸಿದ್ದನ ಗಂಟಲಿನಿಂದ ಚಿಮ್ಮಿತು.

"ನೀರು ಬರ್ದಿದ್ರೆ ಬೋರ್‌ವೆಲ್ ಬತ್ತೋಗೈತೆ. ನಾನೇನ್ ಮಳೆ ಸುರಿಸ್ಲಾ?"

ಇಬ್ಬರೂ ಕೈ ಬೀಸಿ ಕೂಗಾಡುವುದನ್ನು ಮಾರ್ಗರೆಟ್ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಎರಡು ಕುಲಗಳ ನಡುವೆ ತಲೆಮಾರುಗಳಿಂದ ನಡೆದು ಬಂದ ನೀರಿನ ವ್ಯಾಜ್ಯ ಎಂದು ಮನು ವಿವರಿಸಿದ. ಇದು ಬಗೆಹರಿಯುವುದು ಹೇಗೆ ಎಂದು ಅವರು ಆತಂಕದಿಂದ ಕೇಳಿದರು.

"ಮಳೆ ಬಂದರೆ" ಎಂದ ಮನು. ಹೇಳಿದ ಮೇಲೆ ಅವನಿಗೆ ತನ್ನ ಜಾಣತನ ತನಗೇ ಬಹಳ ಹಿಡಿಸಿಬಿಟ್ಟಿತು. ಗಾಜಿನ ಮನೆಯ ಮಂಜು, ಮಳೆ, ಸದ್ದು ಎಲ್ಲವನ್ನೂ ನಡೆಸುವ ಆ್ಯಪು ಅವನ ಫೋನಿನಲ್ಲೇ ಇತ್ತು. ಬೆನ್ನ ಹಿಂದೆ ಕೈ ಇಟ್ಟುಕೊಂಡು, ನೋಡದೆಯೇ, 'ತುಂತುರು' ಇರುವ ಕಡೆ ಬೆರಳು ಒತ್ತಿದ.

ಬೆರಳು ಬಿದ್ದದ್ದು 'ಮುಂಗಾರು' ಮೇಲೆ.

ಮೊದಲು ಸ್ಪೀಕರುಗಳಲ್ಲಿ ಗುಡುಗು. ಮುನಿಕೃಷ್ಣಪ್ಪ ಬೆಚ್ಚಿ ಮೇಲೆ ನೋಡಿದರು. ತೆರೆದಿದ್ದ ಬಾಯಿಗೇ ಮೇಲಿನ ಪೈಪುಗಳೆಲ್ಲ ಒಟ್ಟಿಗೆ ನೀರು ಸುರಿದವು. ಅದು ಮಳೆಯಲ್ಲ, ಯಾರೋ ಕೆರೆಯನ್ನೇ ಬೋರಲು ಹಾಕಿದಂತಿತ್ತು. ಮನು ಗಾಬರಿಯಲ್ಲಿ ಇನ್ನೊಂದು ಗುಂಡಿ ಒತ್ತಿದ. ಆನೆಯೊಂದು ಘೀಳಿಟ್ಟಿತು. ಮತ್ತೊಂದು ಒತ್ತಿದ. ನಾಲ್ಕು ಆನೆಗಳು ಘೀಳಿಟ್ಟವು. ಆಮೇಲೆ ಫೋನು ನೆನೆದು ಸತ್ತುಹೋಯಿತು. ಆನೆಗಳು ಸಾಯಲಿಲ್ಲ.

"ಆನೆ ಬಂತು ಆನೆ!" ಎಂದು ಮುನಿಕೃಷ್ಣಪ್ಪ ಪಂಚೆ ಎತ್ತಿ ಓಡಿ, ಜಾರಿ, ಆಸರೆಗೆ ಜಲಪಾತದ ಬಂಡೆಯನ್ನು ತಬ್ಬಿಕೊಂಡರು. ಥರ್ಮೋಕೋಲಿನ ಬಂಡೆ ಬುಡಸಮೇತ ಕಿತ್ತು ಕೈಗೆ ಬಂತು. ಅದನ್ನು ಎತ್ತಿ ಹಿಡಿದು ನಿಂತ ಅವರು, ಸಂಜೀವಿನಿ ಬೆಟ್ಟವನ್ನು ಎಲ್ಲಿಡಬೇಕೆಂದು ಗೊತ್ತಾಗದ ಆಂಜನೇಯನಂತೆ ಕಂಡರು.

ನಿಜವಾದ ಅನಾಹುತ ಆಮೇಲೆ ಶುರುವಾಯಿತು. ಎಲೆಗಳ ಬಣ್ಣ ಕರಗಿತು. ತಾಳೆಗರಿಗಳಿಂದ, ಜರೀಗಿಡಗಳಿಂದ, ಬಳ್ಳಿಗಳಿಂದ ಹಸಿರು ನೀರು ಧಾರೆ ಧಾರೆಯಾಗಿ ಇಳಿಯಿತು. ಐಶ್ವರ್ಯಾಳ ಕೆನೆ ಬಣ್ಣದ ಸೀರೆ ಪುದೀನ ಚಟ್ನಿಯ ಬಣ್ಣಕ್ಕೆ ತಿರುಗಿತು. ಮುನಿಕೃಷ್ಣಪ್ಪನವರ ಬಿಳಿ ಪಂಚೆ ಶರ್ಟು ಎರಡೂ ಗಿಣಿ ಬಣ್ಣವಾದವು. ಮಾರ್ಗರೆಟ್ ಅವರ ಬೆಳ್ಳಿಗೂದಲು ಕೊತ್ತಂಬರಿ ಕಟ್ಟಿನಂತಾಯಿತು. ಹಿಂದೆ ಮರಗಳು ಮಾತ್ರ ಹಳದಿಯಾಗಿ, ಬತ್ತಲಾಗಿ, ನಾಚಿಕೊಂಡು ನಿಂತವು.

ರೇವಣಸಿದ್ದ ತೆವಳಿಕೊಂಡು ಗೋಡೆಯ ಹತ್ತಿರ ಹೋಗಿ ವಾಲ್ವು ತಿರುಗಿಸಿದ. ವಾಲ್ವು ಕೈಗೇ ಬಂತು. ಕೊನೆಗೆ ಪಂಪಿನ ಪ್ಲಗ್ಗನ್ನು ಎರಡೂ ಕೈಯಿಂದ ಎಳೆದು ಕಿತ್ತ. ಮಳೆ ನಿಂತಿತು. ಅದೇ ವೈರಿನಲ್ಲಿದ್ದ ಆನೆಗಳೂ ಸುಮ್ಮನಾದವು. ಎಲ್ಲೋ ಒಂದು ಸ್ಪೀಕರಿನಲ್ಲಿ ಒಂಟಿ ಕಪ್ಪೆ ವಟಗುಟ್ಟುತ್ತಿತ್ತು.

ಎಲ್ಲ ಹಸಿರು ಮುಖಗಳೂ ಮಾರ್ಗರೆಟ್ ಅವರ ಹಸಿರು ಮುಖವನ್ನೇ ನೋಡುತ್ತಿದ್ದವು. ರೇವಣಸಿದ್ದ ಮನಸ್ಸಿನಲ್ಲೇ ದಾವಣಗೆರೆಯ ಬಸ್ಸು ಹತ್ತಿಯಾಗಿತ್ತು. ಅಪ್ಪನ ಪರಿಚಯದ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಕೇಳಬೇಕೋ, ಸುಮ್ಮನೆ ಮನೆಯಲ್ಲಿ ಕೂರಬೇಕೋ ಎಂಬಲ್ಲಿಗೆ ಯೋಚನೆ ಬಂದಿತ್ತು.

ಮಾರ್ಗರೆಟ್ ತಮ್ಮ ಅಂಗೈಗಳನ್ನು ನೋಡಿಕೊಂಡರು. ಕೆನ್ನೆ ಮುಟ್ಟಿಕೊಂಡರು. ಆಮೇಲೆ ಬಹಳ ನಿಧಾನವಾಗಿ ಹೇಳಿದರು. ಜೀವಮಾನವಿಡೀ ಕಾಡಿನಲ್ಲಿ ನಡೆದಿದ್ದೇನೆ, ಕಾಡು ಎಂದೂ ನನಗೆ ತನ್ನ ಬಣ್ಣವನ್ನು ಬಿಚ್ಚಿ ಕೊಟ್ಟಿರಲಿಲ್ಲ. ಹಾಗೆಂದವರೇ ರೇವಣಸಿದ್ದನನ್ನು ತಬ್ಬಿಕೊಂಡರು. ಮುನಿಕೃಷ್ಣಪ್ಪನವರನ್ನು ಬಂಡೆಯ ಸಮೇತ ತಬ್ಬಿಕೊಂಡರು. ವ್ಯವಹಾರ ಮುಂದುವರಿಯುತ್ತದೆ ಎಂದು ಐಶ್ವರ್ಯಾಗೆ ಹೇಳಿ, ಒಂದೇ ಒಂದು ಬೇಡಿಕೆಯಿಟ್ಟರು. ನಾಳೆಯೇ ಹೊರಟು ಈ ಮಹಾನುಭಾವನ ಬೆಟ್ಟವನ್ನು, ಅಲ್ಲಿನ ದೊಡ್ಡ ಕಾಡನ್ನು ನೋಡಬೇಕು. ಇವನೇ ಜೊತೆಗಿರಬೇಕು. ಕೈಕಾಲು ತೊಳೆದುಕೊಳ್ಳಲು ಅವರು ಒಳಗೆ ಹೋದರು. ತೊಳೆದರೂ ಬಣ್ಣ ಹೋಗಬಾರದೆಂದು ಹಾರೈಸುತ್ತಿದ್ದಂತಿತ್ತು.

ಐಶ್ವರ್ಯಾ ಹಸಿರು ಕೈಯಿಂದ ರೇವಣಸಿದ್ದನ ಕೈ ಕುಲುಕಿದಳು. "ರೇವನ್, ಯೂ ಸೇವ್ಡ್ ಅಸ್! ಏನ್ ಬೇಕೋ ಕೇಳಿ."

ಇಂಥ ಗಳಿಗೆ ಮತ್ತೆ ಬರುವುದಿಲ್ಲ ಎಂದು ರೇವಣಸಿದ್ದನಿಗೂ ಗೊತ್ತಿತ್ತು. ಕಂಬಳಿ ಹಿಂಡಿಕೊಳ್ಳುತ್ತ ಧೈರ್ಯ ಮಾಡಿದ. "ಮೇಡಂ, ಆ ಫೆಸಿಲಿಟೀಸ್ ಹೆಡ್ ಪೋಸ್ಟು..."

"ಅಯ್ಯೋ, ಅದು ಈಗಷ್ಟೇ ಫಿಲ್ ಆಯ್ತಲ್ಲ! ಮೇಲ್ಗಡೆ ಬೆಳಿಗ್ಗೆಯಿಂದ ವಾಕ್-ಇನ್ ಇಂಟರ್ವ್ಯೂ ಇತ್ತು. ನೀವೂ ಕೂರಬೇಕಿತ್ತು ರೇವನ್. ನಿಮ್ಮ ಹೆಸರು ಮೂರು ಸಲ ಕೂಗಿದ್ರಂತೆ. ಎಲ್ಲಿ ಹೋಗಿದ್ರಿ?"

ರೇವಣಸಿದ್ದ ತನ್ನ ಕೊರಳಿನ ತೋರಣವನ್ನು ನೋಡಿಕೊಂಡ. ಮೆಲ್ಲಗೆ ಅದನ್ನು ಬಿಚ್ಚಿದ.

ಲಿಫ್ಟು ತೆರೆಯಿತು. ಇಳಕಲ್ ಸೀರೆ, ಹೆಗಲಿಗೊಂದು ಬ್ಯಾಗು, ಕೊರಳಲ್ಲಿ ಕಂಪನಿಯ ಹೊಚ್ಚ ಹೊಸ ಐಡಿ ಕಾರ್ಡು ಹಾಕಿಕೊಂಡ ನಡುವಯಸ್ಸಿನ ಹೆಂಗಸೊಬ್ಬರು ಹೊರಬಂದರು. ಇಂಟರ್ವ್ಯೂ ಮಾಡಿದ್ದ ಸಾಹೇಬರು ಪಕ್ಕದಲ್ಲೇ, ಮನೆಗೆ ಬಂದ ಬೀಗಿತ್ತಿಯನ್ನು ಕರೆತರುವಷ್ಟು ಮರ್ಯಾದೆಯಿಂದ ಬರುತ್ತಿದ್ದರು.

"ಸಿಕ್ಕಾಪಟ್ಟೆ ಶಾರ್ಪ್!" ಎಂದರು ಸಾಹೇಬರು ಐಶ್ವರ್ಯಾಗೆ. "ಭಾರೀ ಗಾತ್ರದ್ದು ಸಿಟ್ಟಿನಿಂದ ಎದುರಿಗೆ ನಿಂತ್ರೆ ಏನ್ ಮಾಡ್ತೀರ ಅಂತ ನಮ್ ದೊಡ್ಡ ಕ್ಲೈಂಟ್ಸ್ ಬಗ್ಗೆ ಕೇಳ್ದೆ. 'ಓಡಬಾರ್ದು, ಕೂಗಾಡಬಾರ್ದು, ಅದು ವಾಪಸ್ ಹೋಗೋಕೆ ದಾರಿ ಬಿಟ್ಟು ಸುಮ್ನೆ ನಿಲ್ಬೇಕು' ಅಂದ್ರು. ಇಂಥ ಕ್ಲಾರಿಟಿ ನಾನು ನೋಡೇ ಇಲ್ಲ. ಟೀಮ್ ಹ್ಯಾಂಡಲ್ ಮಾಡಿದೀರಾ ಅಂದ್ರೆ, ನಲವತ್ತು ಜನ ಪೇಟೆಯವರನ್ನ ಒಬ್ಬರೂ ಕಳೆದುಹೋಗ್ದ ಹಾಗೆ ವಾಪಸ್ ಕರ್ಕೊಂಡು ಬರ್ತೀನಿ ಅಂದ್ರು!"

ಆ ಹೆಂಗಸು ಸುತ್ತ ನೋಡಿ ಕೇಳಿದರು. "ಇಲ್ಲಿ ರೇವಣಸಿದ್ದ ಸಾರ್ ಅಂದ್ರೆ ಯಾರು?"

ದನಿ ಗುರುತು ಸಿಕ್ಕಿದ ಕೂಡಲೇ ರೇವಣಸಿದ್ದ ಕಂಬಳಿ ಸಮೇತ ಮುಂದೆ ನುಗ್ಗಿದ. "ಜಡೆಮಾದಮ್ಮ ಮೇಡಂ! ಎಲ್ಲಿ ಹೋಗಿದ್ರಿ?"

"ಗೇಟಲ್ಲಿ ಏನಕ್ಕೆ ಬಂದ್ರಿ ಅಂದ್ರು ಸಾರ್. ವಾಕಿನ ವಿಷಯಕ್ಕೆ ಅಂದೆ. 'ವಾಕ್-ಇನ್ನಾ? ಮೇಲೆ ಹೋಗಿ' ಅಂದ್ರು. ಫೋನ್ ಇಸ್ಕೊಂಡ್ರು. ಆಮೇಲೆ ಒಬ್ಬೊಬ್ಬರೇ ಬಂದು ಕೇಳಿದ್ದೇ ಕೇಳಿದ್ದು. ಒಂದು ಸುತ್ತು ಕಾಡು ತೋರ್ಸೋಕೆ ಪೇಟೇಲಿ ಇಷ್ಟೊಂದು ಪರೀಕ್ಷೆ ಮಾಡ್ತಾರಲ್ಲ ಅನ್ಕೊಂಡೆ." ಅವರು ಸ್ವಲ್ಪ ಸಂಕೋಚದಿಂದ ಕಾರ್ಡು ಮುಟ್ಟಿಕೊಂಡರು. "ಆಮೇಲೆ ಕೆಲಸ ಕೊಟ್ವಿ ಅಂದ್ರು. ಮಕ್ಕಳು ಇಲ್ಲೇ ಕಾಲೇಜಲ್ಲಿದಾರೆ, ಹಾಸ್ಟೆಲ್ ಊಟ ಸೇರ್ತಿಲ್ಲ ಅಂತಿರ್ತಾರೆ. ಬೇಡ ಅನ್ನೋಕೆ ಮನಸ್ಸಾಗ್ಲಿಲ್ಲ ಸಾರ್. ನಿಮ್ಮದೇನಾದ್ರೂ ಹೋಯ್ತಾ?"

"ಇಲ್ಲ ಮೇಡಂ" ಎಂದ ರೇವಣಸಿದ್ದ. ಬೇರೆ ಏನು ಹೇಳುವುದು?

"ಆದ್ರೆ ನಾಳೆ ಬೆಟ್ಟಕ್ಕೆ ಗೆಸ್ಟ್ ಬರ್ತಾರೆ" ಎಂದು ಐಶ್ವರ್ಯಾ ಎಚ್ಚರಿಸಿದಳು. "ನೀವು ಸೋಮವಾರದಿಂದ ಇಲ್ಲಿರ್ಬೇಕು. ಅಲ್ಲಿಗೆ?"

"ನಮ್ಮ ಸಂಘದೋರು ಇದಾರೆ ಮೇಡಂ, ಚೆನ್ನಾಗಿ ತೋರಿಸ್ತಾರೆ. ನಾನು ಬಿಟ್ಟಿದ್ದಕ್ಕೆ ಒಂದಾಳು ಕಮ್ಮಿ ಆಗುತ್ತೆ, ಅಷ್ಟೇ."

"ಪರ್ಫೆಕ್ಟ್! ರೇವನ್ ಹೋಗ್ತಾರೆ. ಹೇಗೂ ಮಾರ್ಗರೆಟ್ ಇವರೇ ಬೇಕು ಅಂತಿದಾರೆ. ಮೂರು ತಿಂಗಳು ಡೆಪ್ಯುಟೇಷನ್ ಅಂತ ಮಾಡೋಣ. ಆಮೇಲೆ ನೋಡೋಣ."

"ಮೇಡಂ, ನಂಗೆ ಜಿಗಣೆ ಕಂಡ್ರೆ..." ಎಂದು ರೇವಣಸಿದ್ದ ಶುರು ಮಾಡಿದ. ಅಷ್ಟರಲ್ಲಿ ಐಶ್ವರ್ಯಾ ಸೀರೆ ಹಿಂಡಿಕೊಂಡು ಹೊರಟಾಗಿತ್ತು.

ಜಡೆಮಾದಮ್ಮ ಸಮಾಧಾನ ಹೇಳಿದರು. "ಹೆದರ್ಬೇಡಿ ಸಾರ್. ಮೊದಮೊದಲು ನಮ್ಮೋರ ಹಿಂದೆ ಹಿಂದೆ ನಡೀರಿ. ನೀರಿನ ಕ್ಯಾನು, ಬುತ್ತಿ ಹೊರೋಕೆ ಹೇಳ್ತಾರೆ. ಹತ್ತು ವರ್ಷದಲ್ಲಿ ಕಲ್ತುಕೊಂಡ್ಬಿಡ್ತೀರ." ಆಮೇಲೆ ಏನೋ ನೆನಪಾದವರಂತೆ ಸುತ್ತ ನೋಡಿದರು. "ಇಲ್ಲೇ ಹತ್ತಿರ ಒಂದು ಮನೆ ಬಾಡಿಗೆಗೆ ಸಿಗುತ್ತಾ? ನಾನು, ನಮ್ಮ ಯಜಮಾನ್ರು, ಇಬ್ಬರು ಮಕ್ಕಳು."

ಇಷ್ಟು ಹೊತ್ತು ಬಂಡೆ ಹಿಡಿದುಕೊಂಡೇ ಮೂಲೆಯಲ್ಲಿ ನಿಂತಿದ್ದ ಮುನಿಕೃಷ್ಣಪ್ಪ ತಟ್ಟನೆ ಅದನ್ನು ಕೆಳಗಿಟ್ಟರು. "ಪ್ಯಾಮಿಲಿನಾ?"

"ಹೂಂ ಸಾರ್."

"ನಮ್ದೇ ಬಿಲ್ಡಿಂಗ್ ಐತೆ ಕಣ್ತಾಯಿ. ಎರಡನೇ ಮಹಡಿ. ಗಾಳಿ, ಬೆಳಕು ಜೋರಾಗೈತೆ. ಅದ್ರಲ್ಲೊಬ್ಬ ಬ್ಯಾಚುಲರ್ ಇದ್ದ, ನಾಳೆ ಖಾಲಿ ಮಾಡ್ಕಂಡು ಬೆಟ್ಟಕ್ಕೋಯ್ತವ್ನೆ."

"ಸಾರ್, ನಾನಿನ್ನೂ ಇಲ್ಲೇ ಇದೀನಿ!" ಎಂದ ರೇವಣಸಿದ್ದ.

"ಇವತ್ತೊಂದಿನ ಇರು. ಯಾರ್ ಬ್ಯಾಡ ಅಂದ್ರು?" ಎಂದು ಮುನಿಕೃಷ್ಣಪ್ಪ, ಜಡೆಮಾದಮ್ಮನ ಕಡೆ ತಿರುಗಿದರು. "ನೀರಿಗೇನೂ ತೊಂದ್ರೆ ಇಲ್ಲ ಕಣವ್ವ. ಇಪ್ಪತ್ನಾಲ್ಕು ಗಂಟೆ ಬತ್ತದೆ."

ರೇವಣಸಿದ್ದ ಅಲ್ಲೇ ಇದ್ದ ಕಲ್ಲಿನ ಮೇಲೆ ಕುಸಿದು ಕೂತ. ಅದೂ ಥರ್ಮೋಕೋಲಿನದೇ. ಕುಸಿದದ್ದು ಇನ್ನೂ ಸ್ವಲ್ಪ ಕೆಳಗೆ ಹೋಯಿತು. ಅವನ ಅವಸ್ಥೆ ನೋಡಿ ಜಡೆಮಾದಮ್ಮನಿಗೆ ನಿಜಕ್ಕೂ ಮರುಕ ಹುಟ್ಟಿತು. ಹತ್ತಿರ ಬಂದು, ಬ್ಯಾಗಿಗೆ ಕೈ ಹಾಕಿ, ಒಂದು ಬೀಗದ ಕೈ ತೆಗೆದು ಅವನ ಮುಂದೆ ಹಿಡಿದರು.

"ಬೆಟ್ಟದ ಮೇಲೆ ನಮ್ಮನೆ ಖಾಲಿ ಬೀಳುತ್ತಲ್ಲ, ನೀವಲ್ಲೇ ಇರಿ ಸಾರ್. ಮನೆ ಗಟ್ಟಿಯಾಗಿದೆ. ಏನೂ ಭಯ ಇಲ್ಲ. ಕತ್ತಲಾದ ಮೇಲೆ ಮಾತ್ರ ಹಿತ್ತಲ ಬಾಗಿಲು ತೆಗೀಬೇಡಿ. ಹಲಸು ಹಣ್ಣಾಗಿದೆ, ಒಂದು ಒಂಟಿ ಸಲಗ ದಿನಾ ಬರುತ್ತೆ."

"ತೆಗೀದಿದ್ರೆ ಹೋಗ್ಬಿಡುತ್ತಾ ಮೇಡಂ?"

"ಸಾಮಾನ್ಯವಾಗಿ ತೆಗೀರಿ ಅಂತ ಕೇಳಲ್ಲ ಸಾರ್" ಎಂದರು ಜಡೆಮಾದಮ್ಮ, "ಅದೇ ತೆಕ್ಕೊಳ್ಳುತ್ತೆ."

ರೇವಣಸಿದ್ದ ಹಸಿರು ಕೈ ಚಾಚಿ ಬೀಗದ ಕೈ ಇಸಿದುಕೊಂಡ.